ಅತ್ತೆಗೂ ಒಂದು ಸೀಟು

ರಾಯಕೋಟೆಯಲ್ಲಿ ನಮ್ಮ ವಿಶ್ವವಿದ್ಯಾಲಯದ ವಯಸ್ಕರ ಹೊಲಿಗೆ ತರಗತಿ ನೋಡಿಕೊಳ್ಳುವ ಕೆಲಸ ನನ್ನದು. ಕಿವಿ ಕೇಳದ ಸುಧಾ ಸೇರಲು ಬಂದಾಗ, ಪಾಠವನ್ನು ಸನ್ನೆಯಲ್ಲಿ ವಿವರಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಒಬ್ಬರನ್ನು ಕೊಡಿ ಎಂದು ಕೇಳಿದರೆ, ಅಂಥ ಹುದ್ದೆಯೇ ಇಲ್ಲ ಎಂದರು ಮೇಲಿನವರು.

ಸುಧಾಳ ಜೊತೆಗೆ ಬಂದಿದ್ದ ಅವಳ ಅತ್ತೆ ಮುನಿರತ್ನಮ್ಮ, "ನಾನೇ ಪಕ್ಕದಾಗೆ ಕೂತ್ಕಂಡು ಹೇಳ್ತೀನಿ ಬುಡಿ ಸಾರ್. ಮನೇಲಿ ನಮ್ಮಿಬ್ರುದೂ ಕೈಮಾತೇ" ಅಂದರು.

"ತರಗತಿಯೊಳಗೆ ಹೊರಗಿನವರು ಕೂರೋ ಹಾಗಿಲ್ಲಮ್ಮ."

"ಹಂಗಾರೆ ನನ್ನೂ ಸೇರಿಸ್ಕಳಿ. ವಯಸ್ಸಾಯ್ತು ಅಂತೀರಾ?"

ವಯಸ್ಕರ ಶಿಕ್ಷಣದವನಾಗಿ ಹಾಗೆನ್ನಲು ನನಗೆ ಬಾಯಿ ಬರಲಿಲ್ಲ. ಸೇರಿಸಿಕೊಂಡೆ. ಟೀಚರ್ ಹೇಳಿದ್ದನ್ನೆಲ್ಲ ಅವರು ಸೊಸೆಗೆ ಕೈಯಲ್ಲೇ ದಾಟಿಸುತ್ತಿದ್ದರು. ನೋಡ್ತಾ ನೋಡ್ತಾ ಟೀಚರೂ ನಾಲ್ಕು ಸನ್ನೆ ಕಲಿತರು.

ಮೊನ್ನೆ ಹೋದಾಗ, ರವಿಕೆಗೆ ತೋಳು ಜೋಡಿಸುವುದು ಅರ್ಥವಾಗದೆ ಸುಧಾ ಅತ್ತೆಯ ಭುಜ ತಟ್ಟಿದಳು. ಮುನಿರತ್ನಮ್ಮ ಮಿಷನ್ನಿನಿಂದ ತಲೆಯನ್ನೇ ಎತ್ತಲಿಲ್ಲ. "ಅಯ್ಯೋ ತಾಳೇ, ನಂದೇ ಸೊಟ್ಟಗಾಗೈತೆ" ಎನ್ನುತ್ತ ಒಂದು ಕೈ ಆಡಿಸಿದರು. ಸುಧಾ ನಕ್ಕು ಟೀಚರ್ ಕಡೆ ತಿರುಗಿದಳು. ಅವರು ಸನ್ನೆಯಲ್ಲೇ ತೋರಿಸಿಕೊಟ್ಟರು.

ಆ ಹುದ್ದೆ ಕೊಡಿ ಎಂದು ನಾನಂತೂ ಇನ್ನೂ ಕೇಳುತ್ತಲೇ ಇದ್ದೇನೆ. ಸನ್ನೆಯಲ್ಲಿ ವಿವರಿಸಲು ಇದ್ದ ಒಬ್ಬರೂ ಈಗ ವಿದ್ಯಾರ್ಥಿನಿಯಾಗಿಬಿಟ್ಟರಲ್ಲ!