ಕೆಳಗಿನಿಂದ ಮೇಲಕ್ಕೆ ಓದುವ ಪೂರ್ತಿಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲೊಂದು ಸಣ್ಣ ಮುದ್ರಣಾಲಯ. ಅಲ್ಲಿ ಉರಿಯುತ್ತಿರುವುದು ಒಂದೇ ದೀಪ. ಅದರ ಕೆಳಗೆ ಕೂತ ಹೆಂಗಸು ಇಂಗ್ಲಿಷ್ ಹಾಳೆಯೊಂದನ್ನು ಕಟ್ಟಕಡೆಯ ವಾಕ್ಯದಿಂದ ಓದುತ್ತಿದ್ದಾರೆ. ಅದು ಮುಗಿದ ಮೇಲೆ ಅದರ ಮೇಲಿನದು, ಆಮೇಲೆ ಅದಕ್ಕೂ ಮೇಲಿನದು. ಉಳಿದ ಸಾಲುಗಳು ಕಾಣದಂತೆ ರಟ್ಟಿನ ಚೂರೊಂದನ್ನು ಅಡ್ಡ ಹಿಡಿದಿದ್ದಾರೆ. ಪಾಪ, ಇವರಿಗೆ ಓದಲು ಬರುವುದಿಲ್ಲವೇನೋ ಎಂದು ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನನಗೆ ಮೊದಲು ಅನ್ನಿಸುತ್ತದೆ.

“ಮೇಲಿಂದ ಓದಿದ್ರೆ ಮನಸ್ಸು ಮೋಸ ಮಾಡುತ್ತೆ. ಹಿಂದಿನ ವಾಕ್ಯದ ಅರ್ಥಾನ ಮುಂದಿನದಕ್ಕೆ ತಾನೇ ಅಂಟಿಸ್ಕೊಂಡ್ಬಿಡುತ್ತೆ. ಕೆಳಗಿಂದ ಬಂದ್ರೆ ಒಂದೊಂದೂ ಒಂಟಿ. ಕಾಲಿದ್ದದ್ದು ನಿಲ್ಲುತ್ತೆ, ಇಲ್ಲದ್ದು ಬೀಳುತ್ತೆ,” ಎನ್ನುತ್ತಾರೆ ಅವರು, ತಲೆ ಎತ್ತದೆ.

ಬಟ್ಟೆ ಒಗೆಯುವ ಯಂತ್ರ, ಫ್ಯಾನು, ನೀರು ಕಾಯಿಸುವ ಗೀಸರ್, ಇಂಥವುಗಳ ಡಬ್ಬಿಯೊಳಗೆ ಮಡಿಸಿಟ್ಟಿರುವ ಕಾಗದ ಇರುತ್ತದಲ್ಲ, ನಾವು ಬಿಚ್ಚಿಯೂ ನೋಡದೆ ಮೂಲೆಗೆ ಎಸೆಯುತ್ತೇವಲ್ಲ, ಅದು ಅಚ್ಚಾಗುವುದು ಇಲ್ಲಿ. ಬರೆದುಕೊಡುವವರು ಎಂಜಿನಿಯರುಗಳು. ಅವರಿಗೆ ಅವಸರ. ಉಸಿರು ಕಟ್ಟಿದಲ್ಲೆಲ್ಲ ಚುಕ್ಕೆ ಇಟ್ಟುಬಿಡುತ್ತಾರೆ. ಅರ್ಧಕ್ಕೇ ನಿಂತ ಆ ಇಂಗ್ಲಿಷ್ ವಾಕ್ಯಗಳನ್ನು ಹುಡುಕಿ ಪೂರ್ತಿ ಮಾಡುವುದು ಈಕೆಯ ಕೆಲಸ. ಅದಕ್ಕೇ ಇಲ್ಲಿ ಎಲ್ಲರ ಬಾಯಲ್ಲೂ ಪೂರ್ತಿಯಮ್ಮ. ಅಚ್ಚಿನ ಯಂತ್ರದವನು ಏಳಕ್ಕೆ ಬಂದು ಗುಂಡಿ ಒತ್ತುವಷ್ಟರಲ್ಲಿ ಹಾಳೆಗಳು ತಯಾರಿರಬೇಕು. ದಿನಕ್ಕೆ ಮೂವತ್ತೋ ನಲವತ್ತೋ.

ನನಗೆ ಅರ್ಥವಾಗಲಿಲ್ಲವೆಂದು ಮುಖ ನೋಡಿಯೇ ತಿಳಿದಿರಬೇಕು. ಒಂದು ಸಾಲು ತೋರಿಸಿದರು. “ನೋಡಿ, ‘ವೆನ್ ದ ಲಿಡ್ ಈಸ್ ಓಪನ್.’ ಮುಚ್ಚಳ ತೆಗೆದಿರುವಾಗ ಅಂತ. ಚುಕ್ಕೆ. ತೆಗೆದಿರುವಾಗ ಏನು ಮಾಡ್ಬೇಕು? ಬಟ್ಟೆ ಹಾಕ್ಬೇಕಾ, ಕೈ ಹಾಕ್ಬೇಕಾ, ಓಡಿಹೋಗ್ಬೇಕಾ?”

ಇದಕ್ಕೆ ಮದ್ದು ಎರಡೇ ಅಂತೆ. ಪಕ್ಕದ ವಾಕ್ಯದಲ್ಲಿ ಅದರ ಇನ್ನರ್ಧವಿದ್ದರೆ ಎರಡನ್ನೂ ಸೇರಿಸಿ ಹೊಲಿಯಬೇಕು. ಇಲ್ಲದಿದ್ದರೆ ಯಾರು, ಏನು ಮಾಡಿದರು ಎಂಬುದರಲ್ಲಿ ಬಿಟ್ಟುಹೋದದ್ದನ್ನು ತುಂಬಬೇಕು. ಏನು ಬಿಟ್ಟುಹೋಗಿದೆ ಎಂದೇ ತಿಳಿಯದಿದ್ದರೆ? “ಅಂಚಲ್ಲಿ ಪ್ರಶ್ನೆ ಗುರುತು ಹಾಕಿ ಬರೆದೋರಿಗೇ ವಾಪಸ್ ಕಳಿಸ್ತೀನಿ. ಅವರ ಮನಸ್ಸಲ್ಲಿದ್ದದ್ದನ್ನ ನಾನು ಊಹೆ ಮಾಡಿ ತುಂಬಬಾರದು. ಅದು ಈ ಕೆಲಸದ ಧರ್ಮ.”

ಹಾಗಾದರೆ ಮನೆಯಲ್ಲೂ ಹೀಗೇ ಅಚ್ಚುಕಟ್ಟೋ ಎಂದು ತಮಾಷೆಗೆ ಕೇಳಿದೆ. ಪೆನ್ಸಿಲ್ ನಿಂತಿತು. “ಅಲ್ಲೇ ನೋಡಿ ನಾನು ಸೋತಿರೋದು,” ಎಂದರು.

ಮನೆಯಲ್ಲಿ ಇರುವುದು ಇವರು ಮತ್ತು ಇವರ ಅಕ್ಕ, ಇಬ್ಬರೇ. ಅಕ್ಕ ಟೈಲರ್. ಅಪ್ಪ ಅಮ್ಮ ಬೇಗ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಓದಿಸಿದವರು. ಆರು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸ್ವಲ್ಪ ಸುಧಾರಿಸಿದೆ. ಮಾತು ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. “ಆ ಕಿಟಕಿ...” ಎನ್ನುತ್ತಾರೆ, ಅಷ್ಟೇ. ತಂಗಿ ತಟ್ಟನೆ “ಮುಚ್ಬೇಕಾ? ಮುಚ್ತೀನಿ” ಎಂದು ಮುಗಿಸಿಬಿಡುತ್ತಾರೆ. ಇಷ್ಟು ವರ್ಷ ಅದನ್ನೇ ಕೆಲಸ ಮಾಡಿಕೊಂಡವರ ಬಾಯಿ, ಸುಮ್ಮನಿರು ಎಂದರೆ ಇರುತ್ತದೆಯೇ?

ಮಾತು ಕಲಿಸಲು ಬರುವ ಥೆರಪಿಸ್ಟ್ ಇದನ್ನು ಕಂಡು ಸಿಡಿಮಿಡಿಗೊಂಡರಂತೆ. ನೀವು ಹೀಗೆ ಮುಗಿಸಿಕೊಡುತ್ತಾ ಹೋದರೆ ಅವರ ನಾಲಿಗೆ ಶ್ರಮವನ್ನೇ ಮರೆಯುತ್ತದೆ, ಇನ್ನು ಕೆಲವು ತಿಂಗಳು ಕಳೆದರೆ ಇರುವ ಮಾತೂ ಇಷ್ಟಕ್ಕೇ ನಿಂತುಬಿಡಬಹುದು ಎಂದರು. ಅಂದಿನಿಂದ ಪೂರ್ತಿಯಮ್ಮನ ತಲೆ ಮೊಸರುಗಡಿಗೆ.

“ಇಲ್ಲಿ ಅರ್ಧ ಬಿಟ್ರೆ ತಪ್ಪು, ಅಲ್ಲಿ ಪೂರ್ತಿ ಮಾಡಿದ್ರೆ ತಪ್ಪು. ಅವಳು ತಡವರಿಸ್ತಾ ಇರೋದನ್ನ ನೋಡ್ಕೊಂಡು ಕೈಕಟ್ಟಿ ಕೂರೋದು ಪ್ರೀತಿನಾ? ನಂಗೆ ಗೊತ್ತಾಗ್ತಿಲ್ಲ,” ಎನ್ನುತ್ತಾರೆ.

ಈ ಗೊಂದಲ ಕೆಲಸಕ್ಕೂ ಬಂತು. ಒಂದು ಬೆಳಿಗ್ಗೆ ‘ಸ್ವಿಚ್ ಹಾಕುವ ಮೊದಲು’ ಎಂದಷ್ಟೇ ಹೇಳಿ ನಿಂತ ಇಂಗ್ಲಿಷ್ ಸಾಲು ಎದುರಾಯಿತು. ಇವರು ಅದನ್ನೇ ನೋಡುತ್ತಾ ಕೂತರಂತೆ, ತಾನಾಗಿಯೇ ಮುಗಿಸಲಿ ಎಂದು ಕಾಯುವವರ ಹಾಗೆ. ಆಮೇಲೆ ಹಾಳೆ ಹಾಗೇ ಯಂತ್ರಕ್ಕೆ ಹೋಯಿತು, ಅಚ್ಚೂ ಆಯಿತು. ತಪ್ಪು ಕಂಡ ಮೇಲೆ ಯಂತ್ರದವನು ಗಂಟುಗಟ್ಟಲೆ ಕಾಗದ ರದ್ದಿಗೆ ಹಾಕಿದ. ಅವನನ್ನು ಕೇಳಿದರೆ ಈಗಲೂ ನಗುತ್ತಾನೆ. “ಪೂರ್ತಿಯಮ್ಮನೇ ಅರ್ಧ ಬಿಟ್ರೆ ನಾವೆಲ್ಲಿಗೆ ಹೋಗೋಣ ಸಾರ್? ಅವತ್ತು ಬೈಯೋಕೂ ಆಗ್ಲಿಲ್ಲ, ಅವ್ರ ಮುಖ ಹಾಗಿತ್ತು.”

ಮಧ್ಯಾಹ್ನ ಅವರ ಮನೆಗೆ ಹೋದೆ. ಎರಡು ಕೋಣೆ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರ ಮೇಲೆ ಔಷಧಿ ಸೀಸೆಗಳು. ಅಕ್ಕ ಕುರ್ಚಿಯಲ್ಲಿ ಕೂತಿದ್ದಾರೆ, ಕಣ್ಣು ಬಹಳ ಚುರುಕು. ನಾನು ಕೇಳುವ ಪ್ರತಿ ಪ್ರಶ್ನೆಗೂ ಅವರ ತುಟಿ ಅಲುಗುತ್ತದೆ, ಉತ್ತರ ಬರುವುದು ತಂಗಿಯಿಂದ. ನಡುನಡುವೆ ತಂಗಿ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಮತ್ತೆ ಅದೇ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ.

ಕೊನೆಗೆ ಅಕ್ಕನ ಕಡೆಗೇ ತಿರುಗಿ ಕೇಳಿದೆ, ನಿಮ್ಮ ತಂಗಿ ಚಿಕ್ಕವಳಿದ್ದಾಗ ಹೇಗಿದ್ದಳು?

“ಇವಳು...” ಎಂದರು ಅಕ್ಕ. ತುಂಬ ಹೊತ್ತು ಕಳೆಯಿತು. “ಇವಳು... ಚಿಕ್ಕ...”

“ಮೊಂಡಿ ಅಂತಿದ್ದಾಳೆ. ಊಟಕ್ಕೆ ಕರೆದ್ರೆ ಮಂಚದ ಕೆಳಗೆ...” ಎಂದು ತಂಗಿ ಶುರುಮಾಡಿಯೇಬಿಟ್ಟರು.

ಅಕ್ಕನ ಎಡಗೈ ಮೇಲೆದ್ದಿತು. ಕುತ್ತಿಗೆಯ ನರ ಬಿಗಿಯಿತು. ಒಂದೊಂದು ಪದವನ್ನೂ ಬಾವಿಯಿಂದ ಸೇದಿದಂತೆ ಎಳೆದು ಎಳೆದು, ತಂಗಿಯ ಮುಖವನ್ನೇ ನೋಡುತ್ತಾ ಹೇಳಿದರು: “ನೀನು... ಬಾಯಿ... ಮುಚ್ಕೊಂಡು... ಕೂತ್ಕೋ. ನಾನು... ಹೇಳ್ತೀನಿ.”

ನಾನು ಪೆನ್ನು ಹಿಡಿದುಕೊಂಡು ಬೆಪ್ಪಾಗಿ ಕೂತಿದ್ದೆ. ಪೂರ್ತಿಯಮ್ಮನ ಕಣ್ಣಿಂದ ನೀರು ಬಳಬಳನೆ ಇಳಿಯಿತು, ಮುಖದ ತುಂಬ ನಗು. ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಅಂದರು:

“ಅದನ್ನ ಹಾಗೇ ಬರ್ಕೊಳ್ಳಿ ಸಾರ್. ಒಂದಕ್ಷರಾನೂ ತಿದ್ದಬೇಡಿ.”