ಸೋಮವಾರದ ಸೇನಾಪತಿಗಳು

ಡಾಟ್‌ಕಾಮ್ ಕಂಪನಿಗಳು ಅಣಬೆಯ ಹಾಗೆ ಏಳುತ್ತಿದ್ದ ಕಾಲದಲ್ಲಿ ನಾನು ಮೆನ್ಲೋ ಪಾರ್ಕಿನ ಒಂದು ಆಫೀಸಿನಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಇಂಟರ್‌ನೆಟ್ಟಿನಲ್ಲಿ ಹೂಗಿಡ ಮಾರುವುದು ನಮ್ಮ ವ್ಯಾಪಾರ. ಕಂಪನಿ ಕಟ್ಟಿದ ನನ್ನ ಬಾಸಿಗೆ ಹೂಗಿಡದ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ನೆಪೋಲಿಯನ್ ಕಾಲದ ಸೇನಾಪತಿಗಳು.

ಪ್ರತಿ ಸೋಮವಾರ ಬೆಳಿಗ್ಗೆ ಮೀಟಿಂಗು. ಸೈಟಿನ ಕೆಲಸ ಎಲ್ಲಿಗೆ ಬಂತು ಎಂಬುದನ್ನು ಐದು ನಿಮಿಷದಲ್ಲಿ ಮುಗಿಸಿ, ಉಳಿದ ಹೊತ್ತೆಲ್ಲ ಒಬ್ಬ ಸೇನಾಪತಿಯ ಕತೆ ಹೇಳುತ್ತಿದ್ದ. ಒಂದು ವಾರ, ಪೀಪಾಯಿ ಮಾಡುವವನ ಮಗನಾಗಿ ಹುಟ್ಟಿದ ಕೆಂಗೂದಲಿನವನು. ಸೈನ್ಯ ರಷ್ಯಾದ ಹಿಮದಲ್ಲಿ ಹಿಂದಿರುಗುವಾಗ ಸ್ವತಃ ಬಂದೂಕು ಹಿಡಿದು ಎಲ್ಲರಿಗಿಂತ ಹಿಂದೆ ನಿಂತವನು. ಇನ್ನೊಂದು ವಾರ, ಮೈತುಂಬ ಗಾಯದ ಕಲೆಗಳಿದ್ದವನು. ಬಾಸಿಗೆ ತೀರಾ ಅಚ್ಚುಮೆಚ್ಚಿನವನು ಅಶ್ವದಳದ ಸೇನಾಪತಿ. ಹೋಟೆಲಿನವನ ಮಗ, ಮುಂದೆ ರಾಜನೇ ಆದವನು. ಉಷ್ಟ್ರಪಕ್ಷಿಯ ಗರಿ ಸಿಕ್ಕಿಸಿದ ಟೋಪಿ, ಜರಿಯಂಗಿ ತೊಟ್ಟು ಮದುವೆಗೆ ಹೊರಟವನ ಹಾಗೆ ಯುದ್ಧಕ್ಕೆ ಹೋಗುತ್ತಿದ್ದನಂತೆ. ಕೊನೆಗೆ ಅವನನ್ನು ಗುಂಡಿಕ್ಕಿ ಕೊಲ್ಲುವಾಗಲೂ ಮುಖ ಕೆಡಿಸಬೇಡಿ, ಎದೆಗೇ ಗುರಿಯಿಡಿ ಎಂದನಂತೆ.

ಈ ಕತೆಯನ್ನು ನಾನು ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ನನ್ನ ಕೈಯಲ್ಲಿ, ಇನ್ನೂ ಎರಡು ಸರ್ವರು ಯಾಕೆ ಬೇಕೆಂದು ವಿವರಿಸುವ ಒಂದು ಪುಟದ ಕಾಗದವಿತ್ತು.

"ವಸಂತದ ಸೇಲಿಗೆ ಜನ ಒಟ್ಟಿಗೆ ನುಗ್ತಾರೆ. ಈಗಿರೋ ಸರ್ವರು ತಡೆಯಲ್ಲ," ಎನ್ನುತ್ತಿದ್ದೆ.

"ಗರಿಟೋಪಿಯವನು ಯಾವತ್ತಾದರೂ ಲೆಕ್ಕ ಹಾಕಿ ನುಗ್ಗಿದನಾ?" ಎಂದು ಪೆನ್ನನ್ನು ಕತ್ತಿಯ ಹಾಗೆ ಬೀಸಿ ಅವನು ಮುಂದಿನ ಮೀಟಿಂಗಿಗೆ ಹೊರಟುಬಿಡುತ್ತಿದ್ದ. ಕಾಗದ ಅವನ ಮೇಜಿನ ಮೇಲೆ ಕಾಫಿ ಕಪ್ಪಿನ ಕೆಳಗೆ ಸೇರುತ್ತಿತ್ತು.

ಆ ಸೇಲಿಗೆ ಎರಡು ವಾರ ಇರುವಾಗ ಧಾರವಾಡದಿಂದ ಅಪ್ಪ ಬಂದಿದ್ದರು. ಕೊಲ್ಲಿಯ ಆಚೆ ದಡದ ನೆವಾರ್ಕಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಕೂತು ಕೂತು ಅವರಿಗೆ ಬೇಸರವಾಗಿತ್ತು. ಒಂದು ಸೋಮವಾರ ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಸೇತುವೆ ದಾಟಿ ಆಫೀಸಿಗೆ ಕರೆದುಕೊಂಡು ಹೋದೆ. ಅದೇ ನಾನು ಮಾಡಿದ ತಪ್ಪು. ಅಪ್ಪ ಸೈನ್ಯದಲ್ಲಿದ್ದರು ಎಂಬ ಮಾತು ಬಾಸಿನ ಕಿವಿಗೆ ಬಿದ್ದದ್ದೇ ತಡ, ಅವರ ಕೈಹಿಡಿದು ಮೀಟಿಂಗಿಗೆ ಎಳೆದುಕೊಂಡು ಹೋದ.

ಅಪ್ಪನದು ಸಾಗಣೆಯ ದಳ. ಬೆಟ್ಟದ ಮೇಲಿನ ಠಾಣೆಗಳಿಗೆ ಹೇಸರಗತ್ತೆಗಳ ಮೇಲೆ ಸೀಮೆಎಣ್ಣೆ, ಹಿಟ್ಟು, ಬೇಳೆ ಮುಟ್ಟಿಸುವುದರಲ್ಲೇ ಅವರ ಸರ್ವೀಸು ಮುಗಿದಿತ್ತು. ಅದನ್ನು ಹೇಳಲು ನನಗೆ ಪುರುಸೊತ್ತೇ ಸಿಗಲಿಲ್ಲ. ಬಾಸು ಗರಿಟೋಪಿಯವನ ಕತೆ ಐದನೆಯ ಸಲ ಶುರುಮಾಡಿದ್ದ: ಹಿಮಪಾತ, ಸಾವಿರ ಸಾವಿರ ಕುದುರೆ, ಎಲ್ಲಕ್ಕೂ ಮುಂದೆ ಅವನು. ನಾನು ಅಪ್ಪನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಕತೆ ರಷ್ಯಾದವರೆಗೂ ಬಂತು. ಅಪ್ಪ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

"ಸರ್, ನೀವು ಸೈನಿಕರು. ನಮ್ಮ ಹುಡುಗರಿಗೆ ಧೈರ್ಯದ ಬಗ್ಗೆ ಏನಾದರೂ ಹೇಳಿ," ಎಂದ ಬಾಸು.

ಅಪ್ಪ ನನ್ನ ಕಡೆ ತಿರುಗಿದರು. "ಯವ್ವಾ, ಆ ಹಿಮದಾಗ ಅಷ್ಟ ಕುದುರಿಗೆ ಮೇವು ಎಲ್ಲಿಂದ ತಂದ್ರಂತ? ಕೇಳು."

"ಅಪ್ಪಾ, ಅದೆಲ್ಲ ಈಗ ಬ್ಯಾಡ್ರಿ."

"ಕೇಳಂತೀನಿ. ಮತ್ತ ಬರ್ಫಿನ ಮ್ಯಾಲ ಜಾರಬಾರ್ದಂತ ಬ್ಯಾರೆ ಲಾಳ ಹಾಕಬೇಕಾಗ್ತದ. ಹಾಕಿದ್ರೇನು?"

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಇಡೀ ಆಫೀಸು ನನ್ನ ಬಾಯಿ ನೋಡುತ್ತಿತ್ತು. ಬೇರೆ ದಾರಿ ಕಾಣದೆ ಎರಡೂ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿದೆ.

ಬಾಸಿಗೆ ಉತ್ತರ ಗೊತ್ತಿತ್ತು. ಅಷ್ಟು ಓದಿದವನು, ಗೊತ್ತಿಲ್ಲದೆ ಇರುತ್ತದೆಯೇ? "ಮೇವು ಇರಲಿಲ್ಲ," ಎಂದ ನಿಧಾನವಾಗಿ. "ಆ ಲಾಳವನ್ನೂ ಹೆಚ್ಚಿನ ಕುದುರೆಗಳಿಗೆ ಹಾಕಿರಲಿಲ್ಲ. ಬಹುಪಾಲು ಕುದುರೆಗಳು ಸತ್ತವು."

ನಾನು ಹೇಳಿದ್ದನ್ನು ಕೇಳಿ ಅಪ್ಪ "ಪಾಪ, ಮೂಕಪ್ರಾಣಿ" ಎಂದರು. ಆಮೇಲೆ ತಾವು ಒಂದು ಹೇಸರಗತ್ತೆಯ ಕಾಲುನೋವಿಗಾಗಿ ಇಡೀ ಸಾಲನ್ನು ಒಂದು ದಿನ ನಿಲ್ಲಿಸಿ, ಮೇಲಧಿಕಾರಿಯಿಂದ ಬೈಸಿಕೊಂಡದ್ದನ್ನು ಸಾವಕಾಶವಾಗಿ ವಿವರಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮರುದಿನ ಬಾಸು ನನ್ನ ಸೀಟಿನ ಹತ್ತಿರ ಬಂದು, "ಒಂದು ಸರ್ವರು ತರಿಸು," ಎಂದ.

"ನಾನು ಕೇಳಿದ್ದು ಎರಡು."

"ಒಂದು," ಎಂದವನೇ ಹೋಗಿಬಿಟ್ಟ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಸೇಲಿನ ದಿನ ಟಿವಿಯಲ್ಲಿ ಜಾಹೀರಾತು ಬಂದ ಹತ್ತು ನಿಮಿಷಕ್ಕೆ ಸೈಟು ಏದುಸಿರು ಬಿಡತೊಡಗಿತು. ಪೂರ್ತಿ ಸತ್ತಿದ್ದರೆ ಎಷ್ಟೋ ವಾಸಿಯಿತ್ತು. ಗುಂಡಿ ಒತ್ತಿದರೂ ಪುಟ ಬದಲಾಗದೆ ಜನ ಮತ್ತೆ ಮತ್ತೆ ಒತ್ತಿದರು. ಒತ್ತಿದ್ದೆಲ್ಲ ಒಂದೊಂದು ಆರ್ಡರಾಯಿತು. ಒಂದು ಗುಲಾಬಿ ಗಿಡ ಕೇಳಿದವರ ಮನೆಗೆ ಆರು ಹೋದವು. ಆ ವಾರದ ಕೊನೆಗೆ ಒಬ್ಬ ಅಜ್ಜಿ ಫೋನು ಮಾಡಿ, ತನ್ನ ಅಪಾರ್ಟ್‌ಮೆಂಟಿನ ಬಾಗಿಲೆದುರಿಗೇ ಒಂಬತ್ತು ನಿಂಬೆಗಿಡ ಬಂದು ನಿಂತಿವೆ, ಬಾಗಿಲು ತೆಗೆಯಲಾಗುತ್ತಿಲ್ಲ ಎಂದಳು. ಆ ಫೋನು ಎತ್ತಿದವಳೂ ನಾನೇ. ಉಳಿದವರೆಲ್ಲ ಆಗಲೇ ಒಂದೊಂದು ಫೋನು ಹಿಡಿದಿದ್ದರು. ಅದಕ್ಕೂ ಒಂದು ಸೇನಾಪತಿಯ ಕತೆ ಬರುತ್ತದೆಂದು ಕಾದೆ. ಆ ಸೋಮವಾರ ಕತೆಯೇ ಬರಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಕಂಪನಿ ಮುಚ್ಚಿತು. ಆಗ ನನ್ನ ಸಿಟ್ಟು ಇನ್ನಷ್ಟು ಹೆಚ್ಚಿದ್ದು ಯಾಕೆಂದರೆ, ಆ ಮನುಷ್ಯ ಕೊನೆಯ ಎರಡು ವಾರ ಅಷ್ಟು ಚೆನ್ನಾಗಿ ನಡೆದುಕೊಂಡ. ವೀಸಾ ಮೇಲಿದ್ದ, ಕೆಲಸ ಹೋದರೆ ದೇಶ ಬಿಡಬೇಕಾಗಿದ್ದ ನಮ್ಮ ಐದು ಜನಕ್ಕೆ ಮೊದಲು ಕೆಲಸ ಹುಡುಕಬೇಕೆಂದು ಪಟ್ಟಿ ಮಾಡಿ, ಬೆಳಗಿನಿಂದ ಸಂಜೆಯವರೆಗೆ ತಾನೇ ಊರಿಗೆಲ್ಲ ಫೋನು ಮಾಡಿದ. ಹೊರಡುವವರ ಪೆಟ್ಟಿಗೆಗಳನ್ನು ಹೊತ್ತು ಕಾರಿನವರೆಗೆ ತಂದುಕೊಟ್ಟ. ಎಲ್ಲರೂ ಹೋಗುವ ತನಕ ತಾನು ಹೋಗಲಿಲ್ಲ.

ಅವನು ನನ್ನ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟಾಗ ನನಗೆ ತಡೆಯಲಾಗಲಿಲ್ಲ. "ಇಷ್ಟು ಚೊಕ್ಕವಾಗಿ ಪಟ್ಟಿ ಮಾಡೋಕೆ ಬರ್ತಿತ್ತಲ್ಲ, ನನ್ನ ಆ ಒಂದು ಪುಟ ಓದೋಕೆ ಏನಾಗಿತ್ತು?"

"ಮೊದಲ ದಿನವೇ ಓದಿದ್ದೆ," ಎಂದ. "ನೀನು ಹೇಳಿದ್ದು ಸರಿ ಅಂತಲೂ ಗೊತ್ತಿತ್ತು. ಎರಡು ಸರ್ವರಿಗೆ ಕೈಯಲ್ಲಿ ದುಡ್ಡಿರಲಿಲ್ಲ, ಒಪ್ಪಿಕೊಂಡರೆ ಸೇಲು ಮುಂದೂಡಬೇಕಿತ್ತು. ಮುಂದೂಡ್ತೀನಿ ಅಂತ ಹಣ ಹಾಕಿದವರಿಗೆ ಹೇಳೋ ಧೈರ್ಯ ನನಗಿರಲಿಲ್ಲ."

ಬೈಯಬೇಕೆಂದು ವರ್ಷದಿಂದ ಮಾತು ಕೂಡಿಟ್ಟಿದ್ದೆ. ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವವನ ಜೊತೆ ಜಗಳವಾದರೂ ಹೇಗೆ ಆಡುವುದು? ಥ್ಯಾಂಕ್ಸ್ ಕೂಡ ಹೇಳದೆ ಕಾರು ಹತ್ತಿದೆ. ಫ್ರೀವೇ ಮುಟ್ಟುವವರೆಗೂ ಅವನ ಮೇಲೆ ಸಿಟ್ಟಿತ್ತು. ಆಮೇಲೆ, ಥ್ಯಾಂಕ್ಸ್ ಹೇಳಲಿಲ್ಲವಲ್ಲ ಎಂದು ನನ್ನ ಮೇಲೆ.

ಮೂರು ವಾರಕ್ಕೆ, ಅವನು ಫೋನು ಮಾಡಿದ್ದ ಒಂದು ಕಡೆಯೇ ನನಗೆ ಕೆಲಸ ಸಿಕ್ಕಿತು. ಅಲ್ಲಿನ ಮ್ಯಾನೇಜರು ಶಾಂತ ಸ್ವಭಾವದವಳು. ಕಾಗದ ಕೊಟ್ಟರೆ ಓದುತ್ತಿದ್ದಳು, ಕೇಳಿದಷ್ಟು ಸರ್ವರು ತರಿಸುತ್ತಿದ್ದಳು. ಆದರೆ ಅವಳಿಗೆ ಬೇಸ್‌ಬಾಲಿನ ಹುಚ್ಚು.