ಹನ್ನೊಂದು ಗಂಟೆಯ ಖಾಲಿ ಮಣೆ

ಕಾಪುವಿನ ಮಾರುಕಟ್ಟೆಯನ್ನು ಚಿತ್ರೀಕರಿಸಲು ಒಂಬತ್ತು ಶನಿವಾರ ಮಣಿಪಾಲದಿಂದ ಬಸ್ಸು ಹತ್ತಿದ್ದೆ. ಪ್ರತಿ ಶಾಟಿನ ದಿನ, ಗಂಟೆ, ಷರಾ ನನ್ನ ಪುಸ್ತಕದಲ್ಲಿವೆ. ನನ್ನ ಚಿತ್ರ ಮೀನು ಮಾರುವ ಒಬ್ಬ ಅಕ್ಕನ ಕುರಿತದ್ದು. ಆದರೆ ಹನ್ನೊಂದು ಗಂಟೆಯ ಎದುರಿನ ಷರಾ ಒಂಬತ್ತು ಸಲವೂ ಒಂದೇ: ‘ಮಣೆ ಖಾಲಿ’. ಆ ಹೊತ್ತಿಗೆ ಅಕ್ಕ ಮನೆಗೆ ಓಡುತ್ತಿದ್ದರು. ಹಾಸಿಗೆ ಹಿಡಿದ ಗಂಡನಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ಬರಲು ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಅವರ ಬಂಗುಡೆ ಮೀನು ಮಾರುತ್ತಿದ್ದವರು ಪಕ್ಕದಲ್ಲಿ ಮಟ್ಟುಗುಳ್ಳ ಬದನೆ ಇಟ್ಟುಕೊಂಡು ಕೂರುವ ಬಾಯಮ್ಮ. ಅಕ್ಕನಿಲ್ಲದ ಶಾಟ್ ಯಾಕೆಂದು ಒಂಬತ್ತನ್ನೂ ಬದಿಗಿಟ್ಟಿದ್ದೆ.

ಹತ್ತನೆಯ ಶನಿವಾರ ಇಬ್ಬರೂ ಸಪ್ಪಗಿದ್ದರು. ಮಾರುಕಟ್ಟೆಗೆ ಕಟ್ಟುತ್ತಿರುವ ಹೊಸ ಕಟ್ಟಡದಲ್ಲಿ ಮೀನಿಗೆ ಹಿಂದಿನ ಭಾಗ, ತರಕಾರಿಗೆ ಮುಂದಿನದು, ನಡುವೆ ಗೋಡೆ ಎಂದು ಪುರಸಭೆ ಕಚೇರಿಯವರು ಹೇಳಿಹೋಗಿದ್ದರಂತೆ.

"ಬೇರೆ ಮೀನಿನವರು ನೋಡಿಕೊಳ್ಳುವುದಿಲ್ಲವಾ?" ಎಂದು ಕೇಳಿದೆ.

"ಅವರು ಮೊದಲು ಅವರ ಬುಟ್ಟಿ ಖಾಲಿ ಮಾಡ್ತಾರಾ, ನನ್ನದಾ?" ಎಂದರು ಅಕ್ಕ. "ಬಾಯಮ್ಮನಿಗೆ ಗುಳ್ಳಕ್ಕಿಂತ ನನ್ನ ಮೀನು ಮಾರುವುದೇ ಖುಷಿ."

"ನಿನ್ನ ಮೀನಿನ ವಾಸನೆಗೆ ನನ್ನ ಗುಳ್ಳದ ಹತ್ತಿರ ಯಾರು ಬರ್ತಾರೆ ಮಾರಾಯ್ತಿ?" ಬಾಯಮ್ಮ ನಗಲು ನೋಡಿದರು. "ಗೋಡೆ ಬಂದರೆ ನಿನ್ನ ಗಂಡನ ಗಂಜಿಗೆ ಎಂತ ಮಾಡುವುದು?"

ಅಂದು ಮಣಿಪಾಲಕ್ಕೆ ಮರಳದೆ ಕಾರ್ಕಳದ ನಮ್ಮ ಮನೆಗೆ ಹೋಗಿ, ಬದಿಗಿಟ್ಟ ಒಂಬತ್ತು ಶಾಟುಗಳನ್ನು ಜೋಡಿಸಿದೆ. ಆರು ನಿಮಿಷವಾಯಿತು. ಎಣಿಸಿದೆ: ಬಾಯಮ್ಮನ ಕೈಯಿಂದ ಮೀನು ಕೊಂಡವರು ಹದಿನೆಂಟು ಜನ.

ಮಂಗಳವಾರ ಮೂವರೂ ಕಚೇರಿಗೆ ಹೋದೆವು. ಅಧಿಕಾರಿ ಲ್ಯಾಪ್‌ಟಾಪಿನಲ್ಲಿ ನಾಲ್ಕನೆಯ ಶಾಟಿನವರೆಗೆ ನೋಡಿ ಕೇಳಿದರು:

"ಇವರು ತರಕಾರಿಯವರಾ, ಮೀನಿನವರಾ?"

"ಹನ್ನೊಂದು ಗಂಟೆಗೆ ಮೀನಿನವಳು ಸಾರ್," ಎಂದರು ಬಾಯಮ್ಮ.

ಅಧಿಕಾರಿ ನಕ್ಕು ಹೊಸ ಕಟ್ಟಡದ ನಕ್ಷೆ ಬಿಡಿಸಿದರು. ಗೋಡೆಯ ಕೊನೆಯಲ್ಲಿ ಒಂದು ಬಾಗಿಲಿತ್ತು. ಅದರ ಈಚೆಗೊಂದು, ಆಚೆಗೊಂದು, ಇಬ್ಬರ ಮಣೆಗೂ ಪೆನ್ಸಿಲ್ ಗುರುತು ಹಾಕಿದರು.

ಹೊಸ ಕಟ್ಟಡದ ಮೊದಲ ಶನಿವಾರ ಹನ್ನೊಂದಕ್ಕೆ ಅಕ್ಕ ಎದ್ದರು. ಬಾಯಮ್ಮ ತಮ್ಮ ಮಣೆಯನ್ನು ಬಾಗಿಲ ನಡುವೆ ಎಳೆದುಕೊಂಡರು. ನಾನು ಕ್ಯಾಮೆರಾ ಸರಿಮಾಡುತ್ತಿದ್ದೆ.

"ಅದನ್ನು ಆಫ್ ಮಾಡಿ ಇಲ್ಲಿ ಕೂತುಕೋ. ಇಷ್ಟು ದಿನ ನೋಡಿದ್ದೀ ಅಲ್ವಾ? ನಾನು ಒಂದು ಚಾ ಕುಡಿದು ಬರ್ತೇನೆ," ಎಂದರು ಬಾಯಮ್ಮ.

ಆ ದಿನದ ಷರಾ: ಶಾಟ್ ಇಲ್ಲ. ಗಿರಾಕಿಗಳು ಮೂವರು. ಒಬ್ಬರಿಗೆ ಒಂದು ಬಂಗುಡೆ ಹೆಚ್ಚು ಹೋಯಿತು.